ಚಿಗರಿಯನ್ನು ಕರೆದುಕೊಂಡು ಘಟ್ಟ ಇಳಿದದ್ದು

ನಮ್ಮ ಶಾಲೆಯ ಹೆಡ್ಮಾಸ್ತರರು ಅಳಿಯನ ಖರ್ಚಿನಲ್ಲಿ ಸಿಂಗಪುರಕ್ಕೆ ಹೋಗಿ ಬಂದು ಇಡೀ ವರ್ಷ ಅದೇ ಪುರಾಣ ಹೇಳಿದರು. ಅಲ್ಲಿಯ ಜನರ ಮಾತು ತಿಳಿಯುವುದಿಲ್ಲ, ಊಟ ಗಂಟಲಲ್ಲಿ ಇಳಿಯುವುದಿಲ್ಲ, ಮೈಮೇಲಿನ ಬೆವರು ಆರುವುದಿಲ್ಲ, ಆದರೂ ಊರು ಮಾತ್ರ ಚೊಕ್ಕ ಎಂದು. ನಾನು ಉಡುಪಿಯ ಕಡೆ ಹೋಗಿ ಬಂದು ಹೇಳಬೇಕಾದದ್ದೂ ಅಕ್ಷರಶಃ ಇದೇ. ಹೀಗಾಗಿ ನನ್ನದನ್ನೂ ವಿದೇಶ ಪ್ರವಾಸವೆಂದೇ ಲೆಕ್ಕ ಹಿಡಿಯಬೇಕೆಂದು ನಮ್ಮೂರು ಲೋಕಾಪುರದ ಓದುಗರಲ್ಲಿ ವಿನಂತಿ. ತಲೆಗೆ ಹಚ್ಚುವ ಎಣ್ಣೆಯಲ್ಲಿ ಪಲ್ಯ ಮಾಡುವ ಸೀಮೆ ಪರದೇಶವಲ್ಲದೆ ಮತ್ತೇನು? ಅಲ್ಲದೆ ಹೆಡ್ಮಾಸ್ತರರು ಹೋದದ್ದು ಒಬ್ಬರೇ. ನಾನು ಹೋದದ್ದು ನಾಯಿಯ ಜೊತೆ.

ನನ್ನ ತಮ್ಮ ನಿಂಗಪ್ಪ ಕೆಲವು ವರ್ಷಗಳಿಂದ ಉದ್ಯಾವರದಲ್ಲಿ ಗೌಂಡಿ ಕೆಲಸ ಮಾಡಿಕೊಂಡಿದ್ದ. ಹೆಂಡತಿ ಹೆರಿಗೆಗೆಂದು ತವರಿಗೆ ಹೋಗಿದ್ದಳು. ಮೊಬೈಲು ಆಗಿನ್ನೂ ಸಾಹುಕಾರರ ಕೈಯಲ್ಲಿ ಮಾತ್ರ ಇದ್ದ ಕಾಲ. ಅವನು ಎಸ್‌ಟಿಡಿ ಬೂತಿನಿಂದ ನಮ್ಮ ಪಕ್ಕದ ಕಿರಾಣಿ ಅಂಗಡಿಗೆ ಫೋನು ಹಚ್ಚಿ, "ಅಕ್ಕಾ, ಸಾಲಿ ಸೂಟಿ ಬಿಟ್ಟೈತಲ್ಲ, ಬಾ. ಸಮುದ್ರ ನೋಡೀಯಂತ. ನನಗೂ ಒಂದೀಟು ರೊಟ್ಟಿ ಬಡದ ಹಾಕೀಯಂತ" ಎಂದ. ಎರಡನೆಯದೇ ಮುಖ್ಯ ಉದ್ದೇಶವೆಂದು ಗೊತ್ತಿದ್ದರೂ ಮೊದಲನೆಯದಕ್ಕೆ ಮನಸ್ಸು ಹಾರಿತು.

ತೊಡಕು ಒಂದೇ, ನನ್ನ ನಾಯಿ ಚಿಗರಿ. ಹಿಂದೊಮ್ಮೆ ನಾನು ತರಬೇತಿಗೆಂದು ಬಾಗಲಕೋಟೆಯಲ್ಲಿ ಉಳಿದಾಗ ಇವಳು ರೊಟ್ಟಿ ಮುಟ್ಟದೆ, ಹಾಲು ಮೂಸದೆ, ಬಸ್ ಸ್ಟ್ಯಾಂಡಿನ ಕಡೆ ಮುಖ ಮಾಡಿ ಕೂತುಬಿಟ್ಟಿದ್ದಳು. ಆಗಲೇ ನಮ್ಮ ಯಜಮಾನರು, "ಇನ್ನ ಮ್ಯಾಲ ಹೋದ್ರ ಇಬ್ಬರೂ ಹೋಗ್ರಿ, ಇದರ ಸಿಟ್ಟು ನನಗ ಬ್ಯಾಡ" ಎಂದು ಕೈ ಮುಗಿದಿದ್ದರು.

ಚಿಗರಿ ಎಂಥವಳೆಂದು ನಮ್ಮವರಿಗೆ ಹೇಳಬೇಕಿಲ್ಲ. ಅಪ್ಪಟ ಮುಧೋಳದ ನಾಯಿ. ಉದ್ದ ಮೂತಿ, ಒಂದು ಹಿಡಿಯಷ್ಟು ನಡು, ಆಳವಾದ ಎದೆ, ತೊಗಲಿನ ಕೆಳಗೆ ಎದ್ದು ಕಾಣುವ ಪಕ್ಕೆಲುಬು. ಆ ಪಕ್ಕೆಲುಬು ಕಾಣದಿದ್ದರೆ ನಾಯಿ ಕೊಬ್ಬಿತು, ಓಟ ಕೆಟ್ಟಿತು ಎಂದು ನಮ್ಮ ಕಡೆ ಸಾಕಿದವರನ್ನೇ ಬಯ್ಯುತ್ತಾರೆ. ನಾನು ಅದನ್ನು ಹಾಗೆ ಇಡಲು ಎಷ್ಟು ಜೋಪಾನ ಮಾಡುತ್ತೇನೆಂದು ನಮ್ಮ ಓಣಿಗೇ ಗೊತ್ತು. ಘಟ್ಟದ ಕೆಳಗೆ ಯಾರಿಗೂ ಗೊತ್ತಿರಲಿಲ್ಲ. ನಮ್ಮ ಫಜೀತಿಗೆಲ್ಲ ಇದೇ ಮೂಲ.

ಬಜಗೋಳಿ

ನಮ್ಮ ಯಜಮಾನರ ಚಿಕ್ಕಪ್ಪನ ಮಗ ಹನಮಂತ ಲಾರಿ ಚಾಲಕ. ಮಹಾಲಿಂಗಪುರದ ಬೆಲ್ಲ ಹೇರಿಕೊಂಡು ಕಾರ್ಕಳಕ್ಕೂ ಉಡುಪಿಗೂ ಹೊರಟಿದ್ದವನು ನಮ್ಮಿಬ್ಬರನ್ನೂ ಮುಂದೆ ಕೂರಿಸಿಕೊಂಡ. ಚಿಗರಿ ದಾರಿಯುದ್ದಕ್ಕೂ ಕಿಟಕಿಯಿಂದ ಮೂತಿ ಹೊರಗೆ ಚಾಚಿ, ತಾನೇ ಲಾರಿ ಬಾಡಿಗೆಗೆ ಹಿಡಿದವಳಂತೆ ಕುಳಿತಿದ್ದಳು. ಕುದುರೆಮುಖದ ಕಾಡು ಕಳೆದು ಘಟ್ಟ ಇಳಿದಾಗ ಬೆಳಗಾಗಿತ್ತು. ಬಜಗೋಳಿಯಲ್ಲಿ ಚಹಾಕ್ಕೆ ನಿಲ್ಲಿಸಿದೆವು.

ಹೋಟೆಲಿನ ಯಜಮಾನರು ಮೊದಲು ತುಳುವಿನಲ್ಲಿ ಏನೋ ಕೇಳಿದರು. ನಾನು ಮಿಕಿಮಿಕಿ ನೋಡಿದ ಮೇಲೆ ಕನ್ನಡಕ್ಕೆ ಬಂದರು.

"ಎಲ್ಲಿಂದ ಬರುವುದು ನೀವು?"

"ಮುಧೋಳದ ಕಡೆಯಿಂದರಿ."

"ಅದು ತುಂಬಾ ದೂರ ಅಲ್ವಾ? ಆ ನಾಯಿಗೆ ಎಂತ ಆದದ್ದು? ಹುಷಾರಿಲ್ವಾ?"

"ಆರಾಮ ಐತ್ರಿ. ಅದರ ಜಾತಿನ ಹಂಗ."

"ಜಾತಿ ಯಾವುದಾದರೂ ಇರಲಿ, ಹೊಟ್ಟೆ ಅಂತ ಒಂದು ಉಂಟಲ್ವಾ?" ಎಂದವರೇ ತಟ್ಟೆಯಲ್ಲಿ ಎರಡು ಬನ್ಸ್ ತಂದು ಚಿಗರಿಯ ಮುಂದೆ ಹಾಕಿದರು. ಬಾಳೆಹಣ್ಣು ಕಲಸಿ ಕರಿದ, ಪೂರಿಯಂತೆ ಉಬ್ಬಿದ ತಿಂಡಿ ಅದು.

ಊರಲ್ಲಿ ಅಪರಿಚಿತರು ಏನು ಹಾಕಿದರೂ ಮೂಸಿ ಮುಖ ತಿರುಗಿಸುವ ಹುಡುಗಿ ಇವಳು. ಆ ಬನ್ಸನ್ನು ಅಗಿಯದೆ ನುಂಗಿ, ಹೋಟೆಲಿನವರ ಮುಖವನ್ನು ತಬ್ಬಲಿಯ ಕಣ್ಣಿನಿಂದ ನೋಡಿದಳು. ಅವರು ನನ್ನತ್ತ ಒಂದು ನೋಟ ಬೀರಿದರು. ಆ ನೋಟವನ್ನು ನಾನು ಆಮೇಲೆ ಬಹಳ ಮುಖಗಳಲ್ಲಿ ಕಂಡೆ.

ಒಂದು ಮಾತು ಒಪ್ಪಿಕೊಳ್ಳಲೇಬೇಕು. ಶುದ್ಧವಾಗಿ ಮಾತಾಡಿ, ಪದದ ಕೊನೆ ನುಂಗಬೇಡಿ ಎಂದು ನಾನು ಮಕ್ಕಳ ಮುಂದೆ ಬಡಿದುಕೊಳ್ಳುವ ಕನ್ನಡ ಇಲ್ಲಿ ಚಹಾದಂಗಡಿಯಲ್ಲಿ ಸುಮ್ಮನೆ ಸಿಗುತ್ತದೆ. ಬಯ್ಯುವಾಗಲೂ ಪಠ್ಯಪುಸ್ತಕದ ಹಾಗೆ ಬಯ್ಯುತ್ತಾರೆ.

ಕಾರ್ಕಳ

ಕಾರ್ಕಳದಲ್ಲಿ ಬೆಲ್ಲ ಇಳಿಸುವ ತನಕ ನಾನು ನಾಯಿಯ ಪಟ್ಟಿ ಹಿಡಿದು ಗುಡ್ಡದ ಬುಡಕ್ಕೆ ನಡೆದೆ. ಅಷ್ಟೊತ್ತಿಗಾಗಲೇ ಹಸಿರು ನೋಡಿ ನೋಡಿ ಕಣ್ಣು ದಣಿದಿದ್ದವು. ಎತ್ತ ನೋಡಿದರೂ ಮರ, ಮರದ ಹಿಂದೆ ಇನ್ನೊಂದು ಮರ. ದೂರ ಎನ್ನುವುದೇ ಇಲ್ಲದ ಊರು. ಅಂಥದ್ದರಲ್ಲಿ ಆ ಬೋಳು ಕರಿಬಂಡೆ ಕಂಡಾಗ ಬಾದಾಮಿಯ ನೆಂಟರೊಬ್ಬರು ಸಿಕ್ಕಷ್ಟು ಖುಷಿಯಾಯಿತು. ಮೇಲೆ ಗೊಮ್ಮಟ ನಿಂತಿದ್ದ. ನಾಯಿಯೊಂದಿಗೆ ಮೇಲೆ ಹೋಗುವುದು ಸರಿಯಲ್ಲವೆಂದು ಕೆಳಗಿನಿಂದಲೇ ಕೈ ಮುಗಿದೆ. ಎಲ್ಲ ತೊರೆದು ತಪಸ್ಸಿಗೆ ನಿಂತರೂ ಅವನ ಒಂದು ಪಕ್ಕೆಲುಬೂ ಕಾಣುವುದಿಲ್ಲ ಎಂಬುದನ್ನು ಗಮನಿಸಿದೆ. ಈ ಸೀಮೆಯಲ್ಲಿ ಮೈ ತುಂಬಿಕೊಂಡಿದ್ದರೇ ಮರ್ಯಾದೆ ಎಂದು ನನಗೆ ಆಗಲೇ ಹೊಳೆಯಬೇಕಿತ್ತು.

ಹಿಂದಿರುಗಿದಾಗ ಬೆಲ್ಲದ ಅಂಗಡಿಯವರು ಬಿಸಿ ಗೋಳಿಬಜೆ ತರಿಸಿದ್ದರು. ನನಗೆ ಒಂದು ಪಾಲು, ಚಿಗರಿಗೆ ಎರಡು. "ದೂರದ ಊರಿಂದ ಬಂದದ್ದು, ಪಾಪ" ಎಂದರು. ನನ್ನ ಬಗ್ಗೆಯೋ ನಾಯಿಯ ಬಗ್ಗೆಯೋ ಗೊತ್ತಾಗಲಿಲ್ಲ.

ಉಡುಪಿಯಿಂದ ಬಸ್ಸಿನಲ್ಲಿ

ಹನಮಂತ ಉಡುಪಿಯ ಬಸ್ ನಿಲ್ದಾಣದ ಬಳಿ ನಮ್ಮನ್ನು ಇಳಿಸಿ, "ಶನಿವಾರ ಖಾಲಿ ಗಾಡಿ ಹೊಳ್ಳಿ ಹೋಗ್ತೈತಿ, ಬ್ಯಾಸರಾದ್ರ ಬಂದ ಬಿಡ್ರಿ ಅತ್ತಿಗಿ" ಎಂದು ತನ್ನ ದಾರಿ ಹಿಡಿದ. ಉದ್ಯಾವರಕ್ಕೆ ಖಾಸಗಿ ಬಸ್ಸು. ಕಂಡಕ್ಟರ್ ಚಿಗರಿಯನ್ನು ತಲೆಯಿಂದ ಬಾಲದ ತನಕ ನೋಡಿದ.

"ಕಚ್ಚುತ್ತದಾ?"

"ಇಲ್ಲಪ್ಪಾ."

"ಕಚ್ಚಲಿಕ್ಕೆ ಶಕ್ತಿ ಬೇಕಲ್ವಾ. ಹತ್ತಿಸಿ. ಟಿಕೆಟ್ ಕೊಟ್ಟರೆ ಸೀಟು ಕೇಳೀತು, ಹಾಗೆಯೇ ನಿಲ್ಲಲಿ."

ನಮ್ಮ ಸರಕಾರಿ ಬಸ್ಸಿನಲ್ಲಿ ಇಷ್ಟು ಸಲೀಸಾಗಿ ಕೋಳಿಯನ್ನೂ ಹತ್ತಿಸುವುದಿಲ್ಲ. ನಾನು ಸಂತೋಷಪಟ್ಟೆ, ಆದರೆ ಸಂತೋಷ ಒಂದು ನಿಲ್ದಾಣದ ತನಕವೂ ಬರಲಿಲ್ಲ. ಇಲ್ಲಿಯ ಕಂಡಕ್ಟರುಗಳು ಸೀಟಿ ಊದಿ ಬಸ್ಸು ಬಿಡಿಸುತ್ತಾರೆ. ನಮ್ಮ ಹೊಲದಲ್ಲಿ ಸೀಟಿ ಹೊಡೆದರೆ ಚಿಗರಿಗೆ ಓಡು ಎಂದರ್ಥ. ಅವನು ಒಮ್ಮೆ ಊದಿದ, ಇವಳು ಬಾಗಿಲಿನತ್ತ ನೆಗೆದಳು. ನಾನು ಪಟ್ಟಿ ಜಗ್ಗಿ ಹಿಡಿದೆ. ಅವನು ಮತ್ತೆ ಊದಿದ, ಇವಳು ಮತ್ತೆ ನೆಗೆದಳು. ಉದ್ಯಾವರ ಬರುವಷ್ಟರಲ್ಲಿ ನನ್ನ ರಟ್ಟೆ ಕಿತ್ತು ಬಂದಿತ್ತು. ಹಿಂದಿನ ಸೀಟಿನ ಮುದುಕಿಯೊಬ್ಬಳು, "ಹಸಿವೆಯಾಗಿ ಓಡಿ ಹೋಗಲಿಕ್ಕೆ ನೋಡುತ್ತದೆ ಪಾಪ, ಬಿಟ್ಟುಬಿಡಿ" ಎಂದಳು.

ಉದ್ಯಾವರ

ನಿಂಗಪ್ಪ ಇದ್ದದ್ದು ಸೆವ್ರಿನ್ ಬಾಯಿ ಎಂಬವರ ಹಿತ್ತಲಿನ ಬಾಡಿಗೆ ಕೋಣೆಯಲ್ಲಿ. ಕೆಂಪುಕಲ್ಲಿನ ಗೋಡೆ, ಹೆಂಚಿನ ಮಾಡು, ಸುತ್ತ ತೆಂಗು. ಸೆವ್ರಿನ್ ಬಾಯಿ ಕೊಂಕಣಿ ಮಾತಾಡುವ ಕ್ರೈಸ್ತರು. ಗಂಡ ತೀರಿಕೊಂಡಿದ್ದರು, ಮಗಳು ಕುವೈತಿನಲ್ಲಿ ನರ್ಸು. ಕೆಲಸದವರೆಲ್ಲ ಅವರನ್ನು ಬಾಯಮ್ಮ ಎನ್ನುತ್ತಿದ್ದರು. ದಪ್ಪ ಕನ್ನಡಕ, ಹೂವಿನ ಸೀರೆ, ನಡೆಯುವಾಗ ನೆಲ ತಮ್ಮದೇ ಎಂಬ ಗತ್ತು. ನನಗೆ ನೋಡಿದ ಕೂಡಲೇ ಇಷ್ಟವಾದರು. ಅವರಿಗೆ ನಾನು ಆಗಲಿಲ್ಲ.

"ಬನ್ನಿ ಟೀಚರೇ, ನಿಂಗಪ್ಪ ನಿಮ್ಮ ವಿಷಯ ತುಂಬಾ ಹೇಳಿದ್ದಾನೆ" ಎಂದು ನಗುತ್ತ ಹೊರಬಂದವರು ಚಿಗರಿಯನ್ನು ಕಂಡು ನಗು ನಿಲ್ಲಿಸಿದರು. "ದೇವಾ! ಇದಕ್ಕೆ ಊಟ ಹಾಕುವುದಿಲ್ವಾ ನೀವು?"

ಅವರ ಹಿಂದೆ ಅವರ ನಾಯಿ ಟಾಮಿ ಬಂತು. ಹಲಸಿನ ಹಣ್ಣಿಗೆ ನಾಲ್ಕು ಕಾಲು ಹಚ್ಚಿದ ಹಾಗಿತ್ತು. ಎರಡನ್ನೂ ಪಕ್ಕಪಕ್ಕದಲ್ಲಿ ನೋಡಿದರೆ ತಪ್ಪು ನನ್ನದೇ ಎಂದು ಯಾರಾದರೂ ತೀರ್ಪು ಕೊಟ್ಟಾರು.

"ಬಾಯಮ್ಮ, ಇದು ಮುಧೋಳದ ನಾಯಿ. ಈ ತಳಿ ಇರುವುದೇ ಹೀಗೆ" ಎಂದ ನಿಂಗಪ್ಪ. ಅವನ ಬಾಯಿಂದ ಅಂಥ ಇಸ್ತ್ರಿ ಮಾಡಿದ ಕನ್ನಡ ಕೇಳಿ ನಾನೇ ಬೆರಗಾದೆ.

"ಬೀದಿ ನಾಯಿಗೂ ಒಂದೊಂದು ಊರಿನ ಹೆಸರು ಇಡಬಹುದು ಮಾರಾಯ" ಎಂದವರು ಒಳಗೆ ಹೋಗಿ, ಕುಚ್ಚಲಕ್ಕಿ ಅನ್ನಕ್ಕೆ ಬಂಗುಡೆ ಮೀನಿನ ಸಾರು ಕಲಸಿ ತಂದಿಟ್ಟರು. ನಮ್ಮದು ಮೊಟ್ಟೆಯನ್ನೂ ಒಳಗೆ ತರದ ಮನೆ. ಚಿಗರಿ ಹುಟ್ಟಿದಾಗಿನಿಂದ ಜೋಳದ ರೊಟ್ಟಿ, ಹಾಲಿನಲ್ಲಿ ಬೆಳೆದವಳು. ನಮ್ಮತ್ತೆ ಆ ದೃಶ್ಯ ನೋಡಿದ್ದರೆ ನಾಯಿಗೂ ನನಗೂ ಒಟ್ಟಿಗೇ ಪ್ರಾಯಶ್ಚಿತ್ತ ಮಾಡಿಸುತ್ತಿದ್ದರು. ತಟ್ಟೆ ಕ್ಷಣದಲ್ಲಿ ಖಾಲಿ. ಇಷ್ಟಕ್ಕೆ ಮುಗಿಯದೆ ಅವಳು ಟಾಮಿಯ ತಟ್ಟೆಯನ್ನೂ ನೆಕ್ಕಿ ಬಂದಳು. ಜನ್ಮದಲ್ಲಿ ಅನ್ನ ಕಾಣದವಳ ನಾಟಕ. ಸೆವ್ರಿನ್ ಬಾಯಿ ತಲೆ ಅಲ್ಲಾಡಿಸಿದರು.

ಕೋಣೆಗೆ ಬಂದ ಮೇಲೆ ನಿಂಗಪ್ಪ ತಲೆಯ ಮೇಲೆ ಕೈ ಹೊತ್ತು ಕೂತ.

"ಅಕ್ಕಾ, ಇದನ್ನ ಯಾಕ ತಂದಿ?"

ಆಗ ಅವನು ಹೇಳಿದ. ಸೆವ್ರಿನ್ ಬಾಯಿ ಮಗಳಿಗೆಂದು ಅದೇ ಹಿತ್ತಲಲ್ಲಿ ಹೊಸ ಮನೆ ಕಟ್ಟಿಸಬೇಕೆಂದಿದ್ದರು. ಕೆಲಸವನ್ನು ಪೂರ್ತಿ ನಿಂಗಪ್ಪನಿಗೇ ವಹಿಸುವ ಮನಸ್ಸಿತ್ತು. ಇನ್ನೊಬ್ಬರ ಕೈಕೆಳಗೆ ದಿನಗೂಲಿಗೆ ಕಲ್ಲು ಜೋಡಿಸುತ್ತ ಬಂದವನಿಗೆ ಮೊದಲ ಸಲ ಸ್ವಂತ ಗುತ್ತಿಗೆ, ಸ್ವಂತ ಜನ, ತಾನೇ ಮೇಸ್ತ್ರಿ. ಭಾನುವಾರ ಇಗರ್ಜಿಯಲ್ಲಿ ಪೂಜೆ ಮುಗಿಸಿ ಬಂದು ಹೇಳುತ್ತೇನೆ ಎಂದಿದ್ದರಂತೆ.

"ಅದಕ್ಕೂ ಚಿಗರಿಗೂ ಏನ ಸಂಬಂಧೋ?"

"ಐತಿ" ಎಂದ. "ಆಕೀ ಹಿಂದ ಒಬ್ಬ ಗುತ್ತಿಗೆದಾರನ್ನ ಇಟ್ಟಿದ್ಳು. ಅಂವ ಆಳುಗೋಳಿಗೆ ಹೊತ್ತಿಗಿ ಸರಿಯಾಗಿ ಕೂಳ ಹಾಕಲಿಲ್ಲ. ಜನ ನಡಬರಕ ಬಿಟ್ಟ ಹೋದ್ರು. ಹೊರಗಿನ ಕಂಪೌಂಡ ಗೋಡಿ ನೋಡಿದಿಲ್ಲ, ಅರ್ಧಕ್ಕ ನಿಂತೈತಿ. ಅವಾಗಿಂದ ಆಕೀದು ಒಂದ ಮಾತು. ಕೈಕೆಳಗಿನವರ ಹೊಟ್ಟಿ ನೋಡಾಂವ ಬೇಕು ಅಂತ."

ಮರುದಿನ ಜಗಲಿಯಲ್ಲಿ ತರಕಾರಿ ಹೆಚ್ಚುತ್ತ ಸೆವ್ರಿನ್ ಬಾಯಿ ನನಗೇ ನೇರವಾಗಿ ಹೇಳಿದರು. "ಬೇಜಾರು ಮಾಡಿಕೊಳ್ಳಬೇಡಿ ಟೀಚರೇ. ನಿಂಗಪ್ಪ ಒಳ್ಳೆಯ ಹುಡುಗ. ಆದರೆ ಮನೆಯ ನಾಯಿಯನ್ನೇ ಹೀಗೆ ಇಟ್ಟವರು ಕೆಲಸದವರನ್ನು ಹೇಗೆ ಇಟ್ಟುಕೊಳ್ಳುವುದು ಹೇಳಿ? ನನ್ನ ಮಗಳು ಅಲ್ಲಿ ರಾತ್ರಿ ಪಾಳಿ ಮಾಡಿ ಕಳಿಸುವ ದುಡ್ಡು ಅದು."

ಕೋಪ ನೆತ್ತಿಗೇರಿತು. ಆದರೆ ಆ ಹೆಂಗಸು ಹೇಳಿದ್ದರಲ್ಲಿ ತಪ್ಪು ಹುಡುಕಲು ಹೋದರೆ ಸಿಗಲಿಲ್ಲ. ಅವರ ಲೆಕ್ಕ ಸರಿಯಾಗಿತ್ತು, ನಾಯಿಯೊಂದೇ ತಪ್ಪಾಗಿತ್ತು. ನಾನು ಹಲಸಿನ ಬೀಜ ಸುಲಿಯತೊಡಗಿದೆ.

ಮಣಿಪಾಲ

ನಿಂಗಪ್ಪ ಆಗ ದಿನವೂ ಮಣಿಪಾಲದಲ್ಲಿ ಒಂದು ಹಾಸ್ಟೆಲ್ ಕಟ್ಟಡದ ಕೆಲಸಕ್ಕೆ ಹೋಗುತ್ತಿದ್ದ. ಚಿಗರಿಯನ್ನು ಸೆವ್ರಿನ್ ಬಾಯಿಯ ಕಣ್ಣಿನಿಂದ ಒಂದು ದಿನವಾದರೂ ಮರೆ ಮಾಡಿದಂತಾಗುತ್ತದೆ ಎಂದು ನಾವೂ ಅವನ ಬೆನ್ನು ಹತ್ತಿದೆವು.

ಮಣಿಪಾಲವೆಂದರೆ ವಿದೇಶದೊಳಗೆ ಇನ್ನೊಂದು ವಿದೇಶ. ಗುಡ್ಡದ ಮೇಲೆ ಎತ್ತೆತ್ತರದ ಕಟ್ಟಡಗಳು, ರಸ್ತೆಯ ಮೇಲೆ ಎಲ್ಲೆಲ್ಲಿಯವೋ ಮುಖಗಳು. ಮೊಣಕಾಲ ಮೇಲಿನ ಚಡ್ಡಿ ಹಾಕಿದ ಹುಡುಗಿಯರು ನನ್ನ ಇಳಕಲ್ ಸೀರೆಯನ್ನು ತಿರುಗಿ ತಿರುಗಿ ನೋಡಿದರು, ನಾನು ಅವರ ಚಡ್ಡಿಯನ್ನು. ಇಬ್ಬರಿಗೂ ಸಮಾಧಾನವಾಗುವಷ್ಟು ನೋಡಿಕೊಂಡೆವು.

ಹಾಸ್ಟೆಲ್ ಕಟ್ಟಡದ ಹಿಂದೆ ತಗಡಿನ ಶೆಡ್ಡುಗಳು. ಇನ್ನೂ ದೂರವಿದ್ದಾಗಲೇ ಒಂದು ಹೆಣ್ಣು ದನಿ ಕೂಗಿತು, "ಏ, ಮುಧೋಳ ನಾಯಿ ಬಂತ್ರ್ಯೋ!"

ಬಾದಾಮಿಯವರು, ಗಜೇಂದ್ರಗಡದವರು, ಹುನಗುಂದದವರು. ಸಿಮೆಂಟಿನ ಬುಟ್ಟಿ ಕೆಳಗಿಟ್ಟು ಬಂದರು, ಸಾರವೆಯ ಮೇಲಿನಿಂದ ಇಳಿದು ಬಂದರು. ಒಬ್ಬ ಮುದುಕ ಚಿಗರಿಯ ಬೆನ್ನಮೇಲೆ ಕೈಯಾಡಿಸಿ, ಪಕ್ಕೆಲುಬಿನ ಮೇಲೆ ಬೆರಳು ಹರಿಸಿ, "ಏನ ಚಂದ ಇಟ್ಟೀರಿ ಅಕ್ಕಾರ! ಒಂದ ತೊಲಿ ಕೊಬ್ಬ ಇಲ್ಲ" ಎಂದ. ಅಬ್ಬಾ, ಎಷ್ಟು ದಿನಗಳ ಮೇಲೆ ಸಿಕ್ಕ ನ್ಯಾಯ ಅದು! ನನ್ನ ಕಣ್ಣಲ್ಲಿ ನೀರೇ ಬಂತು. ಹೆಂಗಸರು ತಟ್ಟಿದ ರೊಟ್ಟಿಯ ಮೊದಲ ಚೂರು ಚಿಗರಿಗೆ ಹಾಕಿದರು. ಅವಳು ಶಾಸ್ತ್ರಕ್ಕೆ ಮೂಸಿ ಸುಮ್ಮನಾದಳು. ಬಂಗುಡೆಯ ರುಚಿ ಹತ್ತಿದ್ದವಳಿಗೆ ಈಗ ರೊಟ್ಟಿ ಬೇಡವಾಗಿತ್ತು.

ಅಲ್ಲಿ ನಾನು ನೋಡಿದ್ದು ನಾಯಿಯನ್ನಲ್ಲ, ತಮ್ಮನನ್ನು. ಶೆಡ್ಡುಗಳ ನಡುವೆ ನಿಂಗಪ್ಪ ಎದೆ ಸೆಟೆಸಿ ನಡೆಯುತ್ತಿದ್ದ. ಜೋರಾಗಿ ನಗುತ್ತಿದ್ದ. "ಇದರ ಅವ್ವನ್ನ ಸಾಕಿದಾಂವ ನಾನ, ಹಾಲ ಕುಡಿಸಿ ಬೆಳಿಸೇನಿ" ಎಂದು ಎಲ್ಲರಿಗೂ ಸಾರುತ್ತಿದ್ದ. ನಿಜ, ಚಿಗರಿಯ ತಾಯಿಯನ್ನು ಸಾಕಿದವನು ಅವನೇ. ಆದರೆ ಉದ್ಯಾವರದ ಬಸ್ಸಿನಿಂದ ಇಳಿದ ಕೂಡಲೇ ಅದೇ ಹೆಗಲು ಕುಗ್ಗಿತು, ದನಿ ಇಳಿಯಿತು. "ಹೌದು ಬಾಯಮ್ಮ, ಆಗ್ತದೆ ಬಾಯಮ್ಮ" ಶುರುವಾಯಿತು. ಘಟ್ಟದ ಮೇಲಿನಿಂದ ಕೂಲಿಗೆ ಬಂದ ನಮ್ಮವರನ್ನು ಇಲ್ಲಿ ಘಟ್ಟದವರು ಎನ್ನುತ್ತಾರೆ. ಅನ್ನುವವರ ಮನಸ್ಸಿನಲ್ಲಿ ಅಷ್ಟೇನೂ ಇರಲಿಕ್ಕಿಲ್ಲ. ಕೇಳಿಸಿಕೊಳ್ಳುವವನು ಮಾತ್ರ ಪ್ರತಿ ಸಲ ಒಂದು ಬೆರಳು ಗಿಡ್ಡವಾಗುತ್ತಾನೆ. ನನ್ನ ತಮ್ಮ ಎರಡು ಆಳಾಗಿ ಬದುಕುತ್ತಿದ್ದಾನೆಂದು ತಿಳಿದು ನನಗೆ ಬಹಳ ಸಂಕಟವಾಯಿತು.

ಮತ್ತೆ ಉದ್ಯಾವರ

ಶುಕ್ರವಾರ ಊಟಕ್ಕೆ ಕೂತಾಗ ನಿಂಗಪ್ಪ ತಟ್ಟೆಯಲ್ಲಿ ಗೆರೆ ಎಳೆಯುತ್ತ ಹೇಳಿದ, "ಅಕ್ಕಾ, ನಾಳೆ ಹನಮಂತನ ಗಾಡಿ ಹೊಳ್ಳಿ ಹೋಗ್ತೈತಲ್ಲ. ಚಿಗರೀನ ಅದರಾಗ ಕಳಸೂಣಲ್ಲ."

"ನಾಯಿ ಹೋದ್ರ ನಾನೂ ಹೋಕ್ಕೀನಿ."

"ಹಂಗಲ್ಲಬೇ ಅಕ್ಕಾ..."

"ಹೆಂಗ ಮತ್ತ? ಅದಕ್ಕ ಊಟ ಹಾಕಿಲ್ಲಂತ ನೀನೂ ನಂಬತೀ?"

ಅವನು ತಟ್ಟೆಯಲ್ಲಿ ಇನ್ನೊಂದು ಗೆರೆ ಎಳೆದ. ನಾನು ರೊಟ್ಟಿ ಹಂಚಿನ ಮೇಲೆ ಸೀದು ಹೋಗುವ ತನಕ ಬಯ್ದೆ. ನಮ್ಮ ಅಪ್ಪನ ಹೆಸರು ತಂದೆ, ನಮ್ಮ ಊರಿನ ಹೆಸರು ತಂದೆ. ಬಯ್ದು ಮುಗಿದ ಮೇಲೆ ಅವನ ಕೈ ನೋಡಿದೆ. ಕೆಂಪುಕಲ್ಲು ಉಜ್ಜಿ ಉಜ್ಜಿ ಬೆರಳ ತುದಿಯಲ್ಲಿ ಗೆರೆಗಳೇ ಉಳಿದಿರಲಿಲ್ಲ. ಹುಟ್ಟಲಿರುವ ಕೂಸಿಗೆ ಅಪ್ಪ ಕೂಲಿಯಲ್ಲ, ಮೇಸ್ತ್ರಿ ಎನ್ನುವ ಆಸೆ ಅವನದು. ಇಷ್ಟು ಚಿಕ್ಕ ಆಸೆಗೆ ನನ್ನ ನಾಯಿ ಅಡ್ಡ ಬರಬಾರದು ಎನಿಸಿತು. ಬಾಯಮ್ಮನ ತೀರ್ಮಾನ ಕೇಳದೆ ಶನಿವಾರವೇ ಹೊರಡಲು ಮನಸ್ಸು ಬರಲಿಲ್ಲ; ಸೋಮವಾರ ನಾನೂ ಚಿಗರಿಯೂ ಬೇರೆ ಲಾರಿ ಹಿಡಿದು ಹೋಗುತ್ತೇವೆ, ಭಾನುವಾರ ಅವಳನ್ನು ಕೋಣೆಯೊಳಗೇ ಕಟ್ಟಿಹಾಕುತ್ತೇನೆ ಎಂದು ಒಪ್ಪಿದೆ. ಮುಧೋಳದ ನಾಯಿಯನ್ನು ಮುಚ್ಚಿಡುವ ದಿನ ಬಂತಲ್ಲ ಎಂದು ಹೊಟ್ಟೆ ಉರಿಯಿತು.

ಆದರೆ ಭಾನುವಾರ ಇಗರ್ಜಿಯಿಂದ ಬಂದ ಸೆವ್ರಿನ್ ಬಾಯಿ ನಮ್ಮ ಬಾಗಿಲಿಗೇ ಬಂದು ನಿಂತರು. "ನಾಳೆ ಹೊರಡುವುದಂತೆ? ಸಮುದ್ರ ನೋಡದೆ ಹೋಗುವುದಾ? ನಡೆಯಿರಿ, ಕಾಪುವಿಗೆ ಹೋಗುವ. ದೀಪಸ್ತಂಭ ತೋರಿಸುತ್ತೇನೆ. ನಾಯಿಯನ್ನು ಯಾಕೆ ಒಳಗೆ ಕಟ್ಟಿದ್ದು? ಅದಕ್ಕೂ ಗಾಳಿ ಬೇಕಲ್ವಾ, ಪಾಪ." ಮನೆಗೆ ಬಂದವರನ್ನು ಹಾಗೆಯೇ ಕಳಿಸುವುದು ಅವರ ಜಾಯಮಾನದಲ್ಲಿ ಇರಲಿಲ್ಲ. ಗುತ್ತಿಗೆಯ ಬಗ್ಗೆ ಒಂದು ಮಾತೂ ಆಡಲಿಲ್ಲ. ಅದರ ಅರ್ಥ ಏನೆಂದು ನಿಂಗಪ್ಪನ ಮುಖದಲ್ಲೇ ಬರೆದಿತ್ತು.

ಕಾಪು

ರಿಕ್ಷಾದಲ್ಲಿ ನಾವು ಮೂವರು, ನಮ್ಮ ಕಾಲ ಮೇಲೆ ಚಿಗರಿ. ನಿಂಗಪ್ಪ ಬಿಳಿ ಅಂಗಿ ಹಾಕಿ ಮುದುಡಿ ಕೂತಿದ್ದ. ಸೆವ್ರಿನ್ ಬಾಯಿಯ ಕೈಯಲ್ಲಿ ಮಗಳು ಕುವೈತಿನಿಂದ ಕಳಿಸಿದ ಹೂಹೂವಿನ ಕೊಡೆ. ಗುಂಡಿ ಒತ್ತಿದರೆ ತಾನೇ ಬಿಚ್ಚಿಕೊಳ್ಳುವಂಥದ್ದು. ದಾರಿಯಲ್ಲಿ ಎರಡು ಸಲ ನನಗಾಗಿ ಬಿಚ್ಚಿ ತೋರಿಸಿದರು, ರಿಕ್ಷಾದವನು ಎರಡು ಸಲವೂ ಬಯ್ದ.

ಸಮುದ್ರದ ಬಗ್ಗೆ ನಾನೇನು ಬರೆಯಲಿ? ಬಯಲು ಸೀಮೆಯವರಿಗೆ ಅದು ಹೊಸತಲ್ಲ ಎಂದು ಹೇಳಿದರೆ ನೀವು ನಗುತ್ತೀರಿ. ಆದರೆ ಎಷ್ಟೋ ದಿನ ಮರಗಳ ನಡುವೆ ಉಸಿರು ಕಟ್ಟಿದ್ದ ನನ್ನ ಕಣ್ಣಿಗೆ ಮೊದಲು ಕಂಡದ್ದು ನೀರಲ್ಲ, ದೂರ. ನಮ್ಮ ಎರೆಹೊಲದ ಹಾಗೆ, ಕೊನೆಯಲ್ಲಿ ಆಕಾಶ ನೆಲಕ್ಕೆ ತಾಗುವ ದೂರ. ಚಿಗರಿಗೂ ಹಾಗೇ ಅನಿಸಿರಬೇಕು. ಕಿವಿ ನಿಮಿರಿಸಿ, ಒಂದು ಕಾಲು ಎತ್ತಿ, ಮೈಯೆಲ್ಲ ನಡುಗುತ್ತ ನಿಂತಳು. ಆಮೇಲೆ ತೆರೆಗೆ ಬೊಗಳಿದಳು. ತೆರೆ ಹಿಂದೆ ಸರಿಯಿತು. ತನಗೆ ಹೆದರಿತು ಎಂದುಕೊಂಡು ಬೀಗುವಷ್ಟರಲ್ಲಿ ಅದು ತಿರುಗಿ ಬಂದು ಅವಳ ಹೊಟ್ಟೆ ತೋಯಿಸಿತು.

ಬಂಡೆಯ ಮೇಲೆ ದೀಪಸ್ತಂಭ, ಕೆಳಗೆ ಉದ್ದಕ್ಕೆ ಮರಳು. ಸೆವ್ರಿನ್ ಬಾಯಿ ಮರಳಲ್ಲಿ ಕೂತು ಕೊಡೆ ಬಿಚ್ಚಿದರು. ಗಾಳಿ ಅದಕ್ಕೇ ಕಾದಿತ್ತು. ಒಮ್ಮೆ ಜಗ್ಗಿದ್ದೇ ತಡ, ಕೊಡೆ ಅವರ ಕೈ ಬಿಟ್ಟು ಉರುಳಿತು. ಉರುಳಿತು, ಪುಟಿಯಿತು, ದಂಡೆಯುದ್ದಕ್ಕೆ ಓಟ ಕಿತ್ತಿತು. "ಅಯ್ಯೋ ನನ್ನ ಕೊಡೆ! ಮಗಳು ಕಳಿಸಿದ್ದು!" ಎಂದು ಸೆವ್ರಿನ್ ಬಾಯಿ ಎದ್ದರು. ಅದು ಆಗಲೇ ಚಿಕ್ಕದಾಗಿ ಕಾಣುತ್ತಿತ್ತು.

ಚಿಗರಿಯ ಪಟ್ಟಿ ನನ್ನ ಕೈಯಿಂದ ಯಾವಾಗ ಜಾರಿತೋ ಗೊತ್ತಿಲ್ಲ.

ನಾನು ಅವಳ ಓಟ ಎಷ್ಟೋ ಸಲ ನೋಡಿದ್ದೇನೆ. ಆದರೆ ಕಬ್ಬು ಕಡಿದ ಗ‍ದ್ದೆಯಲ್ಲಿ ಬದು ಅಡ್ಡ ಬರುತ್ತದೆ, ಹಳ್ಳ ಅಡ್ಡ ಬರುತ್ತದೆ. ಇಲ್ಲಿ ಅಡ್ಡ ಏನೂ ಇರಲಿಲ್ಲ. ಬೆನ್ನು ಬಿಲ್ಲಾಗಿ ಬಾಗುತ್ತಿತ್ತು, ಚಿಮ್ಮುತ್ತಿತ್ತು. ನಾಲ್ಕು ಕಾಲೂ ನೆಲ ಬಿಟ್ಟಿರುತ್ತಿದ್ದವು. ಚೆಂಡಾಡುತ್ತಿದ್ದವರು ಆಟ ನಿಲ್ಲಿಸಿದರು. ದೋಣಿಯ ನೆರಳಲ್ಲಿ ಬಲೆ ಹೊಲಿಯುತ್ತಿದ್ದವರು ಎದ್ದು ನಿಂತರು. ಯಾರೋ ತುಳುವಿನಲ್ಲಿ ಏನೋ ಕೂಗಿದರು, ತಿಳಿಯಲಿಲ್ಲ, ತಿಳಿಯಬೇಕಾಗಿಯೂ ಇರಲಿಲ್ಲ. ನನ್ನ ಎದೆ ಉಬ್ಬಿ ರವಿಕೆ ಬಿಗಿಯಾಯಿತು. ನನ್ನ ಚಿಗರಿ! ನಮ್ಮೂರಿನ ಚಿಗರಿ!

ಆಗ ಪಕ್ಕದಲ್ಲಿ ಇನ್ನೊಂದು ಕೂಗು ಎದ್ದಿತು. "ಹಿಡಿ, ಹಿಡೀ ಚಿಗರೀ! ಬಿಡಬ್ಯಾಡ! ಭಲೇ ನನ್ನ ಮಗಳ!" ನಿಂಗಪ್ಪ. ಚಪ್ಪಲಿ ಬಿಟ್ಟು, ಲುಂಗಿ ಎತ್ತಿ ಕಟ್ಟಿ, ಬಿಳಿ ಅಂಗಿ ಗಾಳಿಗೆ ಹಾರಿಸಿಕೊಂಡು ದಂಡೆಯ ಮೇಲೆ ಓಡುತ್ತಿದ್ದ. ಮಣಿಪಾಲದ ಶೆಡ್ಡಿನ ನಿಂಗಪ್ಪ ಅವನು. ಬಾಯಮ್ಮ ಪಕ್ಕದಲ್ಲಿದ್ದಾರೆಂಬುದು ಅವನಿಗೆ ಮರೆತೇ ಹೋಗಿತ್ತು.

ಚಿಗರಿ ಕೊಡೆಯನ್ನು ಹಿಡಿದಳು. ಹಿಡಿದದ್ದು ಅಪ್ಪಟ ಬೇಟೆಯ ಹಿಡಿತದಲ್ಲಿ. ಕುತ್ತಿಗೆ ಹುಡುಕಿ, ಸಿಗದೆ, ಸಿಕ್ಕಲ್ಲಿ ಕಚ್ಚಿ ಝಾಡಿಸಿದಳು. ನಿಂಗಪ್ಪ ಅವಳನ್ನು ಕರೆದುಕೊಂಡು ಬಂದಾಗ ಕೊಡೆಯ ಕಡ್ಡಿಗಳು ಒಂದು ಕಡೆ, ಬಟ್ಟೆಯ ಚಿಂದಿ ಒಂದು ಕಡೆ. ಮಗಳು ಕಳಿಸಿದ ಕೊಡೆಯನ್ನು ಚಿಗರಿ ಸೆವ್ರಿನ್ ಬಾಯಿಯ ಕಾಲ ಬುಡದಲ್ಲಿ ಹಾಕಿ, ಶಹಬ್ಬಾಸ್‌ಗಿರಿಗೆ ಕಾದು ನಿಂತಳು.

ನಾನು ಕಣ್ಣು ಮುಚ್ಚಿಕೊಂಡೆ. ಎಲ್ಲ ಮುಗಿಯಿತು ಎಂದುಕೊಂಡೆ. ಇನ್ನು ನಿಂಗಪ್ಪ ತಪ್ಪಾಯಿತು ಬಾಯಮ್ಮ ಎನ್ನುತ್ತಾನೆ, ಕೈ ಮುಗಿಯುತ್ತಾನೆ.

ಅವನು ಏದುಸಿರು ಬಿಡುತ್ತಿದ್ದ. ಹೆಗಲು ಮಾತ್ರ ಕುಗ್ಗಲಿಲ್ಲ. "ಬಾಯಮ್ಮ, ಛತ್ರಿ ಹರದೈತಿ, ನಾ ತಂದ ಕೊಡ್ತೀನಿ" ಎಂದ. "ಆದ್ರ ಒಂದ ಮಾತ ಕೇಳ್ರಿ. ಇದು ನಮ್ಮ ನಾಯಿ. ಇದರ ಅವ್ವನ್ನ ನಾ ಸಾಕೇನಿ, ಇದನ್ನ ನಮ್ಮಕ್ಕ ಸಾಕ್ಯಾಳ. ಒಂದ ಹೊತ್ತೂ ಉಪವಾಸ ಕೆಡವಿಲ್ಲ. ನಿಮ್ಮ ಕೆಲಸ ಬ್ಯಾರೇದವರಿಗಿ ಕೊಡ್ರಿ, ನಾ ಏನೂ ಅನ್ನಂಗಿಲ್ಲ. ನಾವು ಹಸದವರ ಹೊಟ್ಟಿ ನೋಡದ ಮಂದಿ ಅಂತ ಮಾತ್ರ ಅನಬ್ಯಾಡ್ರಿ."

ಅಷ್ಟು ವರ್ಷಗಳಲ್ಲಿ ಅವನು ಆ ಹೆಂಗಸಿನ ಮುಂದೆ ತನ್ನ ಸ್ವಂತ ಮಾತಿನಲ್ಲಿ ಮಾತಾಡಿದ್ದು ಅದೇ ಮೊದಲು.

ಸೆವ್ರಿನ್ ಬಾಯಿ ಅವನನ್ನು ನೋಡಿದರು, ಹರಿದ ಕೊಡೆ ನೋಡಿದರು, ಚಿಗರಿಯನ್ನು ನೋಡಿದರು. ಆಮೇಲೆ ಮೊಣಕಾಲು ಹಿಡಿದುಕೊಂಡು ನಿಧಾನವಾಗಿ ಮರಳಲ್ಲಿ ಕೂತು, ಅವಳ ಪಕ್ಕೆಲುಬಿನ ಮೇಲೆ ಅಂಗೈ ಇಟ್ಟರು. ಒಳಗೆ ಗುಂಡಿಗೆ ಧಡಧಡ ಹೊಡೆದುಕೊಳ್ಳುತ್ತಿದ್ದುದು ನಮಗೂ ಕಾಣುತ್ತಿತ್ತು. ಬಹಳ ಹೊತ್ತು ಕೈ ತೆಗೆಯಲಿಲ್ಲ.

"ಇದಕ್ಕೆ ಹೊಟ್ಟೆ ಎಲ್ಲಿ ಉಂಟು ಮಾರಾಯ" ಎಂದರು ಕೊನೆಗೆ. "ಒಳಗೆ ಪೂರಾ ಎದೆಯೇ."

ಕೊಡೆಯ ಬಗ್ಗೆ ಏನೂ ಹೇಳಲಿಲ್ಲ. ಕೆಲಸದ ಬಗ್ಗೆಯೂ ಇಲ್ಲ. ಎದ್ದು ಸೀರೆಯ ಮರಳು ಕೊಡವಿಕೊಂಡು, ನಿಂಗಪ್ಪನ ಕೈಯಿಂದ ಪಟ್ಟಿ ತೆಗೆದುಕೊಂಡು, ಸುಡುಬಿಸಿಲಲ್ಲಿ ಬರಿದಲೆಯಲ್ಲಿ ತಾವೇ ಚಿಗರಿಯನ್ನು ನಡೆಸಿಕೊಂಡು ಮುಂದೆ ಹೊರಟರು. ನಾವಿಬ್ಬರು ಹಿಂಬಾಲಿಸಿದೆವು.

ಪೇಟೆಯಲ್ಲಿ ಬಸ್ಸು ನಿಲ್ಲುವ ಕಡೆ ಮೀನು ಮಾರುವ ಹೆಂಗಸರು ಸಾಲಾಗಿ ಕೂತಿದ್ದರು. ದಂಡೆಯ ಸುದ್ದಿ ಅಲ್ಲಿಗೆ ನಮಗಿಂತ ಮೊದಲೇ ಮುಟ್ಟಿತ್ತು. ಒಬ್ಬಾಕೆ ಬುಟ್ಟಿಯ ಹಿಂದಿನಿಂದ ಕತ್ತು ಎತ್ತಿ ಕೇಳಿದಳು, "ಉಂದು ಏರೆನ ನಾಯಿ ಬಾಯಮ್ಮ?"

ಸೆವ್ರಿನ್ ಬಾಯಿ ನಿಂತರು. ಸುತ್ತಲಿನವರಿಗೆಲ್ಲ ಕೇಳುವಂತೆ ತುಳುವಿನಲ್ಲಿ ಏನೋ ಹೇಳಿ, ಚಿಗರಿಯ ತಲೆ ಸವರಿ ಮುಂದೆ ನಡೆದರು. ಪಕ್ಕದಲ್ಲಿ ನಿಂಗಪ್ಪ ಗಕ್ಕನೆ ನಿಂತುಬಿಟ್ಟ.

"ಏನಂತೋ?" ಎಂದೆ.

"ಯಾರ ನಾಯಿ ಅಂತ ಕೇಳಿದ್ಲು ಆಕಿ."

"ಬಾಯಮ್ಮ ಏನಂದ್ರು?"

ಅವನು ಅಂಗಿಯ ತೋಳಿನಿಂದ ಮುಖ ಒರೆಸಿಕೊಂಡು ಹೇಳಿದ, "ನಮ್ಮ ಮನೀ ಕಟ್ಟೋ ಮೇಸ್ತ್ರಿ ನಾಯಿ ಅಂದ್ರು, ಅಕ್ಕಾ."

ಚಿಗರಿ ನನ್ನ ನಾಯಿ. ಅವಳನ್ನು ಬೇರೆಯವರದು ಎಂದರೆ ಗಂಡನ ಮೇಲೂ ಜಗಳಕ್ಕೆ ಹೋಗುವವಳು ನಾನು. ಕಾಪುವಿನ ಆ ಪೇಟೆಯಲ್ಲಿ ತುಟಿ ಪಿಟಕ್ಕೆನ್ನಲಿಲ್ಲ. ಜನ್ಮದಲ್ಲಿ ಅಷ್ಟು ಹೆಮ್ಮೆಯಿಂದ ನಾನು ಸುಮ್ಮನಿದ್ದದ್ದು ಅದೊಂದೇ ಸಲ.